ಅಪ್ಪ ಕೇಳಿದ ನೈಜೀರಿಯಾ

ಅಪ್ಪನಿಗೆ ಕಾದಂಬರಿ ಓದುವ ರೂಢಿ ಇಲ್ಲ. ಬೆಳಿಗ್ಗೆ ಪೇಪರ್ ಹಿಡಿದರೆ ಮಳೆ ಸುದ್ದಿ, ಎಪಿಎಂಸಿ ರೇಟು ನೋಡಿ ಮಡಚಿ ಇಡುತ್ತಾನೆ. ಹೋದ ಶ್ರಾವಣದಲ್ಲಿ ನಾನು ಹಾವೇರಿ ಕಡೆಯ ನಮ್ಮ ಊರಿಗೆ ಹೋದಾಗ ಜಡಿಮಳೆ ಹಿಡಿದಿತ್ತು. ಗೋವಿನಜೋಳದ ಹೊಲದಲ್ಲಿ ಕಾಲಿಡುವ ಹಾಗಿರಲಿಲ್ಲ, ಕರೆಂಟೂ ಇರಲಿಲ್ಲ. ನಾನು ಬಾಗಿಲ ಬೆಳಕಿಗೆ ಕೂತು ನೈಜೀರಿಯಾದ ಲೇಖಕ ಚಿನುವಾ ಅಚಿಬೆಯ 'ಥಿಂಗ್ಸ್ ಫಾಲ್ ಅಪಾರ್ಟ್' ಕಾದಂಬರಿ ಓದುತ್ತಿದ್ದೆ. ಏನದು ಅಂತ ಅಪ್ಪ ಕೇಳಿದ. ನೈಜೀರಿಯಾದ ಒಂದು ಊರಿನ ಕಥೆ, ಈಗ ಒಬ್ಬ ಹುಡುಗ ಸಾವ್ಕಾರನ ಹತ್ತಿರ ಬಿತ್ತನೆ ಗಡ್ಡೆ ಕೇಳೋಕೆ ಹೋಗಿದ್ದಾನೆ ಅಂದೆ.

"ಎಷ್ಟ್ ಕೊಟ್ಟ?"

ಅಲ್ಲಿಂದ ಸಂಜೆವರೆಗೂ ನಾನು ಒಂದೊಂದು ಪುಟ ಓದಿಕೊಂಡು ಅಪ್ಪನಿಗೆ ಕನ್ನಡದಲ್ಲಿ ಹೇಳುತ್ತಾ ಹೋದೆ.

ಕಥೆ ನಡೆಯುವುದು ಇಗ್ಬೊ ಜನರ ಉಮುಓಫಿಯಾ ಎಂಬ ಊರಲ್ಲಿ, ಬಿಳಿಯರು ಬಂದು ಕಾಲೂರುವ ಹೊತ್ತಿನಲ್ಲಿ. ಗಡ್ಡೆ ಕೇಳೋಕೆ ಹೋದ ಹುಡುಗನ ಹೆಸರು ಒಕೊಂಕ್ವೊ. ಅವನ ಅಪ್ಪ ಸಾಲಗಾರ, ಮಗನಿಗೆ ಅಂತ ಏನೂ ಇಟ್ಟಿಲ್ಲ. ಅದಕ್ಕೇ ಹುಡುಗ ಒಂದು ಗಡಿಗೆ ಹೆಂಡ, ಒಂದು ಹುಂಜ ತಗೊಂಡು ನ್ವಾಕಿಬಿಯೆ ಎಂಬ ದೊಡ್ಡ ರೈತನ ಮನೆಗೆ ಹೋಗುತ್ತಾನೆ. ಹೋದ ತಕ್ಷಣ ಬಾಯಿಬಿಟ್ಟು ಕೇಳುವ ಹಾಗಿಲ್ಲ. ಮೊದಲು ಮನೆಯವನು ಕೋಲಾ ಕಾಯಿ ತಂದಿಡಬೇಕು. ಅದು ಕೂತವರೆಲ್ಲರ ಕೈ ದಾಟಿ ಅವನಿಗೇ ವಾಪಸ್ ಬರಬೇಕು, ಅವನು ಎಲ್ಲರಿಗೂ ಒಳಿತು ಕೋರಿ ಒಡೆಯಬೇಕು. ಆಮೇಲೆ ಹೆಂಡ, ಊರಿನ ಮಾತು, ಕೊನೆಗೆ ಬಂದ ಕೆಲಸ. ನಮ್ಮಲ್ಲಿ ಎಲೆ ಅಡಿಕೆ ತಟ್ಟೆ ಮುಂದಿಟ್ಟ ಮೇಲೇ ಹೆಣ್ಣಿನ ಮಾತಾಗಲಿ ಹೊಲದ ಮಾತಾಗಲಿ ಬರುವುದು. ಅಪ್ಪನಿಗೆ ಇದನ್ನು ಬಿಡಿಸಿ ಹೇಳುವ ಕೆಲಸವೇ ಬೀಳಲಿಲ್ಲ.

ನ್ವಾಕಿಬಿಯೆ 800 ಬಿತ್ತನೆ ಗಡ್ಡೆ ಕೊಡುತ್ತಾನೆ. ಇದು ನಮ್ಮ ಸಿಹಿಗೆಣಸಲ್ಲ, ಯಾಮ್ ಅಂತ ದೊಡ್ಡ ಗಡ್ಡೆ. ಮಣ್ಣು ಗುಡ್ಡೆ ಮಾಡಿ ನೆಡುತ್ತಾರೆ, ಬಳ್ಳಿಗೆ ಮೊದಲು ಸಣ್ಣ ಕಡ್ಡಿ, ಆಮೇಲೆ ದೊಡ್ಡ ಕೊಂಬೆ ಕೊಡುತ್ತಾರೆ, ನಡುವೆ ಹೆಂಗಸರು ಗೋವಿನಜೋಳ, ಬೀನ್ಸ್ ಹಾಕುತ್ತಾರೆ. ಪಾಲಿಗೆ ಮಾಡಿದವನಿಗೆ ಬೆಳೆಯಲ್ಲಿ ಮೂರನೇ ಒಂದು ಭಾಗ. "ಮೂರರಾಗ ಒಂದ? ನಮ್ಮಲ್ಲಿ ಅರ್ಧಾ ಕೊಡ್ತಾರಲ್ಲವ್ವಾ" ಅಂತ ಅಪ್ಪ ಸಿಟ್ಟಾದ, ಆ ಸಾವ್ಕಾರ ಎದುರಿಗೇ ಕೂತಿದ್ದಾನೇನೋ ಎಂಬ ಹಾಗೆ.

ಆ ವರ್ಷ ಮಳೆ ಕೈಕೊಡುತ್ತದೆ. ಮೊದಲ ಮಳೆಗೇ ನೆಟ್ಟ ಒಳ್ಳೆಯ ರೈತರೆಲ್ಲ ಸಿಕ್ಕಿಬೀಳುತ್ತಾರೆ. ಒಕೊಂಕ್ವೊ ರಾತ್ರಿಯಿಡೀ ನಿದ್ದೆ ಇಲ್ಲದೆ ಹೊರಳಾಡುತ್ತಾನೆ. ಎಳೆ ಬಳ್ಳಿಗೆ ನೆಲದ ಕಾವು ತಾಗದಿರಲಿ ಅಂತ ಕತ್ತಾಳೆ ಎಲೆಯ ಉಂಗುರ ಮಾಡಿ ಸುತ್ತ ಇಡುತ್ತಾನೆ, ಸಂಜೆಗೆ ಅದೂ ಒಣಗಿ ಬೂದಿ ಬಣ್ಣಕ್ಕೆ ತಿರುಗಿರುತ್ತದೆ, ಮರುದಿನ ಮತ್ತೆ ಹೊಸದು. ಎಂಟು ಸಂತೆ ವಾರ ಹೀಗೇ. ಎಂಟು ವಾರ ಅಂದರೆ ಎರಡು ತಿಂಗಳಾಯ್ತಲ್ಲ ಅಂತ ಅಪ್ಪ. ಇಲ್ಲ, ಇಗ್ಬೊ ಜನರ ವಾರಕ್ಕೆ ನಾಲ್ಕೇ ದಿನ, ಒಂದೊಂದು ದಿನಕ್ಕೂ ಅವತ್ತಿನ ಸಂತೆಯದೇ ಹೆಸರು ಅಂದೆ. ಅಪ್ಪ ಲೆಕ್ಕ ಹಾಕಿ, "ಮೂವತ್ತೆರಡು ದಿನ. ಆತ ಬಿಡು, ಉಳಿಯೂದಿಲ್ಲ" ಅಂದ.

ಆಮೇಲೆ ಮಳೆ ಶುರುವಾದರೆ ನಿಲ್ಲುವುದೇ ಇಲ್ಲ. ಗುಡ್ಡೆ ಕೊಚ್ಚಿ ಹೋಗುತ್ತವೆ. ಮಧ್ಯದಲ್ಲಿ ಬೀಳಬೇಕಾದ ಬಿಸಿಲು ಬೀಳುವುದಿಲ್ಲ, ಬಳ್ಳಿ ಮಾತ್ರ ಹಸಿರಾಗಿ ಸೊಕ್ಕಿ ಬೆಳೆಯುತ್ತದೆ. ನಾನು ಅಷ್ಟು ಹೇಳಿ ಮುಂದಿನ ಸಾಲಿಗೆ ಕಣ್ಣು ಹಾಕುವಷ್ಟರಲ್ಲಿ ಅಪ್ಪ, "ಬರೇ ಸೊಪ್ಪಿಗೆ ಹೋತು, ಗಡ್ಡಿ ಕಟ್ಟಿಲ್ಲ" ಅಂದುಬಿಟ್ಟ. ಪುಸ್ತಕದಲ್ಲೂ ಅದೇ ಇತ್ತು! ಬಿಸಿಲಿಲ್ಲದೆ ಗಡ್ಡೆ ಬಲಿಯೋದಿಲ್ಲ ಅಂತ ಪ್ರತಿ ರೈತನಿಗೂ ಗೊತ್ತಿತ್ತು ಎಂದು. ನನ್ನ ಮೈ ಜುಮ್ಮೆಂದಿತು. ನಾನು ಲಾಗೋಸ್‌ಗೆ ವಿಮಾನ ಹತ್ತಿ ಹೋಗಿ ವಾರ ಇದ್ದರೂ ಒಬ್ಬ ಇಗ್ಬೊ ರೈತನ ನಿದ್ದೆಗೆಟ್ಟ ರಾತ್ರಿ ನನಗೆ ಯಾರು ತೋರಿಸುತ್ತಿದ್ದರು ಹೇಳಿ?

ಆ ಸುಗ್ಗಿಯಲ್ಲಿ ಕೊಳೆತ ಗಡ್ಡೆ ಅಗೆಯುತ್ತಾ ಜನ ಅಳುತ್ತಾರೆ. ಒಬ್ಬ ಮರಕ್ಕೆ ಬಟ್ಟೆ ಕಟ್ಟಿ ನೇಣು ಹಾಕಿಕೊಳ್ಳುತ್ತಾನೆ. ಇದನ್ನು ಹೇಳಲೋ ಬೇಡವೋ ಅಂತ ಅನುಮಾನಿಸಿದೆ, ನಮ್ಮ ಜಿಲ್ಲೆಯಲ್ಲಿ ಇಂಥ ಸುದ್ದಿ ಕೇಳದ ಊರಿಲ್ಲ. ಆದರೂ ಹೇಳಿದೆ. ಅಪ್ಪ ಸುಮ್ನೆ ಕೂತ.

ಎಲ್ಲವೂ ಹೀಗೆ ನಮ್ಮದೇ ಅನಿಸಲಿಲ್ಲ. ಅವಳಿ ಮಕ್ಕಳು ಹುಟ್ಟಿದರೆ ಕಾಡಿಗೆ ಹಾಕುವುದು ಕೇಳಿ ಅವ್ವ ಒಳಗಿನಿಂದ ಎದ್ದು ಬಂದಳು. ಪಕ್ಕದೂರಿನವರು ಕೊಲೆಗೆ ಪರಿಹಾರ ಅಂತ ಒಪ್ಪಿಸಿದ ಹುಡುಗ ಇಕೆಮೆಫುನಾ ಒಕೊಂಕ್ವೊನ ಮನೆಯಲ್ಲಿ ಮೂರು ವರ್ಷ ಬೆಳೆದು ಅವನನ್ನು ಅಪ್ಪಾ ಅಂತ ಕರೆಯುತ್ತಿರುತ್ತಾನೆ. ದೇವರ ಅಪ್ಪಣೆಯಾಯಿತು ಅಂತ ಅವನನ್ನು ಕಾಡಿಗೆ ಕರೆದೊಯ್ಯುತ್ತಾರೆ. ಎಲ್ಲಿ ನನ್ನನ್ನು ಹೇಡಿ ಅಂದಾರೋ ಎಂಬ ಭಯಕ್ಕೆ ಒಕೊಂಕ್ವೊ ತಾನೇ ಮಚ್ಚು ಬೀಸುತ್ತಾನೆ. "ಸಾಕು, ಇಡು" ಅಂತ ಅಪ್ಪ ಎದ್ದು ಹೋದ. ಅಚಿಬೆ ತನ್ನ ಜನರ ಯಾವುದನ್ನೂ ಮುಚ್ಚಿಡಲಿಲ್ಲ. ಪುಸ್ತಕ ಬಂದದ್ದು 1958ರಲ್ಲಿ, ನೈಜೀರಿಯಾ ಸ್ವತಂತ್ರವಾಗುವ ಎರಡು ವರ್ಷ ಮುಂಚೆ. ಆಫ್ರಿಕಾದ ಬಗ್ಗೆ ಹೊರಗಿನವರು ಬರೆದದ್ದೇ ಜಾಸ್ತಿ ಇದ್ದ ಕಾಲದಲ್ಲಿ ಮನೆಯವನೊಬ್ಬ ಒಳಿತು ಕೆಡುಕು ಎರಡನ್ನೂ ಇಟ್ಟು ಬರೆದ. ಅದಕ್ಕೇ ನಾನು ಅವನನ್ನು ನಂಬುತ್ತೇನೆ.

ದಸರೆಗೆ ಹೋದಾಗ ಅಚಿಬೆಯದೇ 1964ರ ಕಾದಂಬರಿ 'ಆ್ಯರೋ ಆಫ್ ಗಾಡ್' ತಗೊಂಡು ಹೋಗಿದ್ದೆ. ಅದರಲ್ಲಿ ಪೂಜಾರಿ ಪ್ರತಿ ಹೊಸ ಚಂದ್ರ ಕಂಡಾಗ ಒಂದು ಮೀಸಲು ಗಡ್ಡೆ ತಿನ್ನಬೇಕು, ಅವು ಮುಗಿಯುತ್ತ ಬಂದಾಗ ಹೊಸ ಬೆಳೆಯ ಹಬ್ಬ ಸಾರಬೇಕು, ಹಬ್ಬ ಆಗದೆ ಯಾರೂ ಬೆಳೆ ಅಗೆಯುವ ಹಾಗಿಲ್ಲ. ಬ್ರಿಟಿಷ್ ಅಧಿಕಾರಿ ಅವನನ್ನು ಕೂಡಿಹಾಕಿದ್ದರಿಂದ ಗಡ್ಡೆ ಉಳಿದುಬಿಡುತ್ತವೆ. ವಾಪಸ್ ಬಂದವನು ಹಬ್ಬ ಸಾರಲು ಒಪ್ಪುವುದಿಲ್ಲ, ಬೆಳೆ ನೆಲದಲ್ಲೇ ಹಾಳಾಗುತ್ತದೆ. ಅಪ್ಪ, ಪಕ್ಕದ ಮನೆ ಕಾಕಾ ಇಬ್ಬರಿಗೂ ಜಗಳವೇ ಹತ್ತಿತು. ಉಳಿದದ್ದನ್ನು ಒಮ್ಮೆಗೇ ತಿಂದು ಜನರನ್ನು ಬದುಕಿಸಬೇಕಿತ್ತು ಅಂತ ಅಪ್ಪ. ಅವನನ್ನು ಒಯ್ದಾಗ ಊರು ಯಾಕೆ ಸುಮ್ಮನಿತ್ತು, ಕಟ್ಟಳೆ ಕಟ್ಟಳೆನೇ ಅಂತ ಕಾಕಾ. ಅಷ್ಟರಲ್ಲಿ ಚರ್ಚಿನವರು, ನಮ್ಮ ದೇವರಿಗೆ ಗಡ್ಡೆ ಒಪ್ಪಿಸಿ ನಿಮ್ಮ ಬೆಳೆ ಅಗೆದುಕೊಳ್ಳಿ ಅಂದರು ಅಂತ ನಾನು ಹೇಳಿದೆ.

"ಹಂಗಾರ ಜನ ಅತ್ತಾಗ ಹೋದ್ರು ಬಿಡು" ಅಂತ ಇಬ್ಬರೂ ಒಟ್ಟಿಗೇ ಅಂದರು.