ಟಿಪ್ಪಣಿ ಆ್ಯಪ್ ಲಾಗ್: ಸ್ಟ್ಯಾಕ್ ಟ್ರೇಸ್ ಹಿಡಿದು ಒಂದು ಬಗ್ ಹುಡುಕಿದ್ದು

ದಿನ 1

ಬಿಡುವಿದ್ದಾಗ ಕಟ್ಟುತ್ತಿರುವ ನನ್ನ ಟಿಪ್ಪಣಿ ಆ್ಯಪ್ ಪೂರ್ತಿ ಬ್ರೌಸರ್‌ನೊಳಗೇ ಓಡುತ್ತದೆ. ಬರೆದಿದ್ದೆಲ್ಲ ಅಲ್ಲೇ ಸೇವ್ ಆಗುತ್ತದೆ, ನೆಟ್ ಇಲ್ಲದಿದ್ದರೂ ತೆರೆಯುತ್ತದೆ. ಈಗ ನಾಲ್ಕೈದು ಗೆಳೆಯರೂ ಬಳಸುತ್ತಿದ್ದಾರೆ. ಅವರಲ್ಲಿ ಒಬ್ಬರಿಗೆ ಆಗಾಗ ಪಟ್ಟಿ ನಿಂತಲ್ಲೇ ನಿಂತುಬಿಡುತ್ತದೆ. ಹೊಸ ಟಿಪ್ಪಣಿ ಸೇರಿಸಿದರೂ ಕಾಣುವುದಿಲ್ಲ. ರಿಫ್ರೆಶ್ ಮಾಡಿದರೆ ಸರಿಹೋಗುತ್ತದೆ.

ನನ್ನ ಲ್ಯಾಪ್‌ಟಾಪ್‌ನಲ್ಲಿ ಒಮ್ಮೆಯೂ ಹೀಗಾಗಿಲ್ಲ. ಹಾಗಾಗಿ ವಿಂಡೋ ಮೇಲೆ ಎರರ್ ಲಿಸನರ್ ಒಂದನ್ನು ಕೂರಿಸಿದೆ. ಯಾರೂ ಹಿಡಿಯದ ಎರರ್ ಬಂದರೆ ಅದರ ಮೆಸೇಜ್ ಮತ್ತು ಸ್ಟ್ಯಾಕ್ ಟ್ರೇಸ್ (ಆ ಕ್ಷಣದಲ್ಲಿ ಯಾವ ಫಂಕ್ಷನ್ ಯಾವುದನ್ನು ಕರೆದಿತ್ತು ಅನ್ನುವ ಪಟ್ಟಿ) ಎರಡನ್ನೂ ನನ್ನ ಪುಟ್ಟ ಸರ್ವರ್‌ಗೆ ಕಳಿಸುತ್ತದೆ. ಗೆಳೆಯರಿಗೆ ಇದನ್ನು ಮೊದಲೇ ಹೇಳಿದ್ದೇನೆ, ಟಿಪ್ಪಣಿಯ ಒಂದು ಅಕ್ಷರವೂ ಇದರಲ್ಲಿ ಹೋಗುವುದಿಲ್ಲ.

ಮೊದಲು ಬಂದಿದ್ದು ಎರಡೇ ಪದ: 'ಸ್ಕ್ರಿಪ್ಟ್ ಎರರ್'. ಸಾಲು ಇಲ್ಲ, ಸ್ಟ್ಯಾಕ್ ಇಲ್ಲ. ನನ್ನ ಜಾವಾಸ್ಕ್ರಿಪ್ಟ್ ಫೈಲ್ ಬೇರೆ ಡೊಮೈನ್‌ನಿಂದ ಬರುತ್ತಿತ್ತು. ಅಂಥ ಫೈಲ್‌ನೊಳಗಿನ ವಿವರವನ್ನು ಬ್ರೌಸರ್ ಸುರಕ್ಷತೆಗಾಗಿ ಮುಚ್ಚಿಡುತ್ತದೆ. ಸ್ಕ್ರಿಪ್ಟ್ ಟ್ಯಾಗ್‌ಗೆ ಕ್ರಾಸ್‌ಒರಿಜಿನ್ ಆಟ್ರಿಬ್ಯೂಟ್ ಹಾಕಿ, ಆ ಸರ್ವರ್‌ನಿಂದ ಅನುಮತಿಯ ಹೆಡರ್ ಕಳಿಸಿದ ಮೇಲೆ ಪೂರ್ತಿ ಟ್ರೇಸ್ ಬರಲು ಶುರುವಾಯಿತು.

ದಿನ 3

ಟ್ರೇಸ್ ಬಂತು, ಆದರೆ ಓದುವ ಹಾಗಿಲ್ಲ. ಮಿನಿಫೈ ಆದ (ಗಾತ್ರ ಚಿಕ್ಕದಾಗಲೆಂದು ಕುಗ್ಗಿಸಿದ) ಫೈಲ್ ಅಂದರೆ ಎಲ್ಲ ಕೋಡ್ ಒಂದೇ ಸಾಲಿನಲ್ಲಿ ಇರುತ್ತದೆ, ಅಲ್ವಾ. '1ನೇ ಸಾಲು, 48213ನೇ ಕಾಲಮ್' ಅಂತ ಬಂದರೆ ಏನು ಮಾಡುವುದು? ಫಂಕ್ಷನ್‌ಗಳ ಹೆಸರು 'ಟಿ', 'ಎನ್'.

ಇದಕ್ಕೆ ಇರುವ ದಾರಿ ಸೋರ್ಸ್ ಮ್ಯಾಪ್. ಕುಗ್ಗಿದ ಕೋಡಿನ ಯಾವ ಜಾಗ ಮೂಲ ಕೋಡಿನ ಯಾವ ಫೈಲ್, ಯಾವ ಸಾಲಿನದು ಅಂತ ಹೇಳುವ ಫೈಲ್ ಅದು. ತುಂಬ ವರ್ಷ ಒಂದು ಒಪ್ಪಂದದ ಮೇಲೆ ನಡೆದ ಈ ಫಾರ್ಮ್ಯಾಟ್ 2024ರ ಡಿಸೆಂಬರ್‌ನಲ್ಲಿ ಎಕ್ಮಾ-426 ಅನ್ನುವ ಅಧಿಕೃತ ಸ್ಟ್ಯಾಂಡರ್ಡ್ ಆಯಿತು. ಟ್ರೇಸ್ ಕೊಟ್ಟರೆ ಮೂಲ ಸಾಲು ತೋರಿಸುವ ಚಿಕ್ಕ ಸ್ಕ್ರಿಪ್ಟ್ ಬರೆದೆ.

ಉತ್ತರ ಬಹುತೇಕ ಸಲ ಸರಿಯಾಗೇ ಬಂತು. ಕೆಲವು ಸಲ ಮಾತ್ರ ಪಕ್ಕದ ಪದಕ್ಕೆ ಜಿಗಿಯುತ್ತಿತ್ತು. ಅರ್ಧ ಗಂಟೆ ನೋಡಿದ ಮೇಲೆ ಗೊತ್ತಾಯಿತು: ಕ್ರೋಮ್ ತನ್ನ ಟ್ರೇಸ್‌ನಲ್ಲಿ ಕಾಲಮ್ ಎಣಿಸುವುದು 1ರಿಂದ, ಸೋರ್ಸ್ ಮ್ಯಾಪ್ ಎಣಿಸುವುದು 0ಯಿಂದ. ಒಂದು ಕಳೆದು ಕೊಟ್ಟರೆ ಎಲ್ಲ ಸರಿ.

ಇನ್ನೊಂದು ಇದಕ್ಕಿಂತ ಜಾಸ್ತಿ ದಾರಿ ತಪ್ಪಿಸುವಂಥದ್ದು. ಒಂದು ಟ್ರೇಸ್ ನೇರವಾಗಿ ಕಾಮೆಂಟ್ ಇರುವ ಸಾಲನ್ನು ತೋರಿಸಿತು. ಕಾಮೆಂಟ್‌ನಲ್ಲಿ ಎರರ್ ಆಗಲು ಸಾಧ್ಯವೇ ಇಲ್ಲ! ಗೆಳೆಯರ ಬ್ರೌಸರ್‌ನಲ್ಲಿ ಹಿಂದಿನ ವಾರದ ಬಿಲ್ಡ್ (ಬಳಕೆಗೆ ತಯಾರಿಸಿದ ಕೋಡ್) ಇತ್ತು, ನಾನು ಹುಡುಕುತ್ತಿದ್ದದ್ದು ಇವತ್ತಿನ ಮ್ಯಾಪ್‌ನಲ್ಲಿ. ಕಾಮೆಂಟ್ ಸಿಕ್ಕಿದ್ದು ಒಳ್ಳೆಯದೇ ಆಯಿತು. ನಿಜವಾದ ಕೋಡ್ ಇರುವ ಸಾಲು ಸಿಕ್ಕಿದ್ದರೆ ನಂಬಿಕೊಂಡು ಅಲ್ಲೇ ಕೂತಿರುತ್ತಿದ್ದೆ. ಈಗ ಪ್ರತಿ ಬಿಲ್ಡ್‌ನ ಫೈಲ್ ಹೆಸರಲ್ಲೇ ಅದರ ಹ್ಯಾಶ್ (ಒಳಗಿನ ಕೋಡ್‌ನಿಂದ ಲೆಕ್ಕಹಾಕಿದ ಗುರುತು) ಸೇರಿಸಿ, ಹಳೆಯ ಮ್ಯಾಪ್‌ಗಳನ್ನೂ ಇಟ್ಟುಕೊಳ್ಳುತ್ತಿದ್ದೇನೆ.

ದಿನ 5

ಇವತ್ತು ಇಡೀ ಸಂಜೆ ಒಂದೇ ಟ್ರೇಸ್ ಜೊತೆ ಕಳೆದೆ. ಬಿಡಿಸಿದ ಮೇಲೆ ಅದು ಹೀಗಿತ್ತು:

ಟೈಪ್‌ಎರರ್: ಅನ್‌ಡಿಫೈನ್ಡ್‌ನಿಂದ 'ಟೆಕ್ಸ್ಟ್' ಓದಲು ಆಗುವುದಿಲ್ಲ
ಡ್ರಾಕಾರ್ಡ್, ಲಿಸ್ಟ್.ಜೆಎಸ್, ಸಾಲು 42, ಕಾಲಮ್ 27
ಅರೇ.ಮ್ಯಾಪ್
ಡ್ರಾಲಿಸ್ಟ್, ಲಿಸ್ಟ್.ಜೆಎಸ್, ಸಾಲು 19, ಕಾಲಮ್ 23

ಮೂರೇ ಫ್ರೇಮ್, ಅಂದರೆ ಒಂದೊಂದು ಕರೆಗೆ ಒಂದೊಂದು ಸಾಲು. ಮೇಲಿನದು ಎರರ್ ಆದ ಜಾಗ, ಕೆಳಗೆ ಹೋದ ಹಾಗೆ ಯಾರು ಯಾರನ್ನು ಕರೆದರು ಅನ್ನುವುದು. ಕಾರ್ಡ್ ಬಿಡಿಸುವ ಫಂಕ್ಷನ್‌ಗೆ ಟಿಪ್ಪಣಿಯ ಬದಲು ಅನ್‌ಡಿಫೈನ್ಡ್, ಅಂದರೆ 'ಏನೂ ಇಲ್ಲ' ಅನ್ನುವ ಬೆಲೆ (ವ್ಯಾಲ್ಯೂ), ಬಂದಿದೆ. 42ನೇ ಸಾಲಿನಲ್ಲಿ ಒಂದು ಪ್ರಶ್ನೆ ಚಿಹ್ನೆ (ಏನೂ ಇಲ್ಲದಿದ್ದರೆ ಓದದೆ ಬಿಡು ಅನ್ನುವ ಗುರುತು) ಹಾಕಿದರೆ ಎರರ್ ನಿಂತುಹೋಗುತ್ತದೆ. ಹಾಗೆ ಮಾಡಲಿಲ್ಲ. ಆ ಸಾಲಿನದು ಏನೂ ತಪ್ಪಿಲ್ಲ, ಅಲ್ಲಿಗೆ ಆ ಬೆಲೆ ಬಂದಿದ್ದು ತಪ್ಪು.

ನನಗೆ ಮೊದಲು ಅನುಮಾನ ಬಂದಿದ್ದು ಟಿಪ್ಪಣಿ ಅಳಿಸುವ ಕೋಡ್ ಮೇಲೆ. ಅಲ್ಲಿ ಡಿಲೀಟ್ ಆಪರೇಟರ್ ಬಳಸಿದ್ದೆ, ಅದು ಅರೇಯಲ್ಲಿ (ಟಿಪ್ಪಣಿಗಳನ್ನು ಸಾಲಾಗಿ ಇಡುವ ಪಟ್ಟಿಯಲ್ಲಿ) ಖಾಲಿ ಜಾಗ ಬಿಡುತ್ತದೆ. ಆದರೆ ಟ್ರೇಸ್‌ನ ನಡುವಿನ ಫ್ರೇಮ್ ಬೇರೆ ಕಥೆ ಹೇಳುತ್ತಿತ್ತು. ಮ್ಯಾಪ್ ಮೆಥಡ್ (ಸೋರ್ಸ್ ಮ್ಯಾಪ್ ಅಲ್ಲ, ಅರೇಯ ಒಂದೊಂದು ಐಟಂಗೂ ಫಂಕ್ಷನ್ ಕರೆಯುವಂಥದ್ದು) ಅರೇಯ ಖಾಲಿ ಜಾಗಗಳನ್ನು ಹಾರಿಸಿಕೊಂಡು ಹೋಗುತ್ತದೆ, ಅವುಗಳಿಗಾಗಿ ಡ್ರಾಕಾರ್ಡನ್ನು ಕರೆಯುವುದೇ ಇಲ್ಲ. ಮ್ಯಾಪ್ ಮೂಲಕ ಬಂದಿದೆ ಅಂದರೆ ಅದು ಬಿಟ್ಟುಹೋದ ಜಾಗ ಅಲ್ಲ. ಯಾವುದೋ ಕೋಡ್ ಅನ್‌ಡಿಫೈನ್ಡ್ ಅನ್ನೇ ಕೈಯಾರೆ ತಂದು ಅರೇಗೆ ಹಾಕಿದೆ.

ಯಾವ ಕೋಡ್? ಅದನ್ನು ಈ ಟ್ರೇಸ್ ಹೇಳುವುದಿಲ್ಲ. ಡ್ರಾಲಿಸ್ಟ್ ಓಡುವುದು, ಪರದೆಯನ್ನು ಮುಂದಿನ ಸಲ ಬಿಡಿಸುವ ಮುನ್ನ ಇದನ್ನು ಕರೆ ಅಂತ ಬ್ರೌಸರ್‌ಗೆ ಹೇಳಿಡುವ ರಿಕ್ವೆಸ್ಟ್‌ಆ್ಯನಿಮೇಷನ್‌ಫ್ರೇಮ್‌ನಿಂದ. ಬಟನ್ ಒತ್ತಿದ ಕೋಡ್ ತನ್ನ ಕೆಲಸ ಮುಗಿಸಿ ಹೋಗಿರುತ್ತದೆ, ಸ್ಟ್ಯಾಕ್ ಖಾಲಿಯಾಗಿರುತ್ತದೆ. ಆಮೇಲೆ ಬ್ರೌಸರ್ ಹೊಸದಾಗಿ ಡ್ರಾಲಿಸ್ಟ್ ಕರೆಯುತ್ತದೆ. ಡೆವ್‌ಟೂಲ್ಸ್ (ಬ್ರೌಸರ್‌ನ ಡೆವಲಪರ್ ಕಿಟಕಿ) ತೆರೆದಿದ್ದರೆ ಕ್ರೋಮ್ ಈ ಹಳೆಯ ಕೊಂಡಿಯನ್ನೂ ಜೋಡಿಸಿ ತೋರಿಸುತ್ತದೆ, ಆದರೆ ನನಗೆ ಬರುವ ಸ್ಟ್ಯಾಕ್ ಪಠ್ಯದಲ್ಲಿ ಅದು ಇರುವುದಿಲ್ಲ. 2019ರ ಕ್ರೋಮ್ 73ರಿಂದ ಅವೇಟ್ (ಉತ್ತರ ಬರುವವರೆಗೆ ಕಾಯಿ ಅನ್ನುವ ಪದ) ದಾಟಿದ ಕರೆಗಳು ಮಾತ್ರ ಆ ಪಠ್ಯದಲ್ಲೂ ಕಾಣುತ್ತವೆ. ಟೈಮರ್ ಮತ್ತು ಆ್ಯನಿಮೇಷನ್ ಫ್ರೇಮ್ ಕಾಲ್‌ಬ್ಯಾಕ್‌ಗಳಿಗೆ (ಆಮೇಲೆ ಕರೆ ಅಂತ ಕೊಟ್ಟಿಟ್ಟ ಫಂಕ್ಷನ್‌ಗಳಿಗೆ) ಆ ಸೌಲಭ್ಯ ಇಲ್ಲ.

ಹಾಗಾಗಿ ಎರರ್ ಆಗುವ ಜಾಗವನ್ನೇ ಹಿಂದಕ್ಕೆ ತಂದೆ. ಅರೇಗೆ ಟಿಪ್ಪಣಿ ಸೇರಿಸುವ ಕೆಲಸವನ್ನೆಲ್ಲ ಆ್ಯಡ್‌ನೋಟ್ ಅನ್ನುವ ಒಂದೇ ಫಂಕ್ಷನ್‌ಗೆ ಕೊಟ್ಟು, ಅದರ ಬಾಗಿಲಲ್ಲೇ ಪರೀಕ್ಷೆ ಇಟ್ಟೆ: ಬಂದಿದ್ದು ಟಿಪ್ಪಣಿ ಅಲ್ಲದಿದ್ದರೆ ಅಲ್ಲೇ ಎರರ್ ಎಸೆ.

ದಿನ 6

ಸಿಕ್ಕಿತು! ಹೊಸ ಟ್ರೇಸ್‌ನಲ್ಲಿ ಆ್ಯಡ್‌ನೋಟ್, ಅದರ ಕೆಳಗೆ ಅಂಡೂ, ಅದರ ಕೆಳಗೆ ಬಟನ್‌ನ ಕ್ಲಿಕ್ ಹ್ಯಾಂಡ್ಲರ್. ಅಂಡೂ ಫಂಕ್ಷನ್ ಅಳಿಸಿದ ಟಿಪ್ಪಣಿಗಳ ಅರೇಯಿಂದ ಪಾಪ್ ಮಾಡಿ (ಕೊನೆಯದನ್ನು ತೆಗೆದು) ಪಟ್ಟಿಗೆ ವಾಪಸ್ ಹಾಕುತ್ತದೆ. ಆ ಅರೇ ಖಾಲಿ ಇದ್ದರೆ ಪಾಪ್ ಎರರ್ ಕೊಡುವುದಿಲ್ಲ, ಸುಮ್ನೆ ಅನ್‌ಡಿಫೈನ್ಡ್ ಕೊಡುತ್ತದೆ. ಗೆಳೆಯರು ಅಂಡೂ ಬಟನ್ ಬೇಗ ಬೇಗ ಎರಡು ಸಲ ಒತ್ತುತ್ತಾರೆ, ನಾನು ಒಂದೇ ಸಲ ಒತ್ತುತ್ತೇನೆ. ರಿಫ್ರೆಶ್ ಮಾಡಿದರೆ ಸರಿಹೋಗುತ್ತಿದ್ದದ್ದು ಯಾಕೆ ಅಂತಲೂ ತಿಳಿಯಿತು. ಪಟ್ಟಿ ಬಿಡಿಸಿದ ಮೇಲಷ್ಟೇ ಸೇವ್ ಆಗುವ ಹಾಗೆ ಬರೆದಿದ್ದೆ, ಕೆಟ್ಟ ಪಟ್ಟಿ ಡಿಸ್ಕ್‌ಗೆ ಹೋಗುತ್ತಲೇ ಇರಲಿಲ್ಲ.

ಅರೇ ಖಾಲಿಯಾದಾಗ ಬಟನ್ ಮಂಕಾಗುವ ಹಾಗೆ ಮಾಡಿದೆ. ಡಿಲೀಟ್ ಆಪರೇಟರ್ ಈ ಬಗ್‌ಗೆ ಕಾರಣ ಅಲ್ಲದಿದ್ದರೂ ಅದನ್ನು ತೆಗೆದು ಖಾಲಿ ಜಾಗ ಬಿಡದೆ ತೆಗೆಯುವ ಸ್ಪ್ಲೈಸ್ ಹಾಕಿದೆ. ಆ್ಯಡ್‌ನೋಟ್‌ನ ಪರೀಕ್ಷೆ ಅಲ್ಲೇ ಇರುತ್ತದೆ.

ದಿನ 10

ಟ್ರೇಸ್ ಎಷ್ಟು ಹೇಳಬಲ್ಲದು ಅನ್ನುವುದು ನಾನು ಬರೆಯುವ ಕೋಡ್ ಮೇಲೂ ನಿಂತಿದೆ ಅನ್ನಿಸಿತು. ಅದಕ್ಕೇ ಇಡೀ ಆ್ಯಪನ್ನು ಆ ಕಣ್ಣಿನಿಂದ ಒಮ್ಮೆ ನೋಡಿದೆ.

ಒಂದು ಕಡೆ ಫೈಲ್‌ನ ಮೇಲ್ಭಾಗದಲ್ಲೇ ಎರರ್ ಆಬ್ಜೆಕ್ಟ್ ಮಾಡಿಟ್ಟು, ಅದನ್ನೇ ನಾಲ್ಕು ಜಾಗದಲ್ಲಿ ಎಸೆಯುತ್ತಿದ್ದೆ. ಸ್ಟ್ಯಾಕ್ ದಾಖಲಾಗುವುದು ಎರರ್ ಹುಟ್ಟಿದಾಗ, ಎಸೆದಾಗ ಅಲ್ಲ. ನಾಲ್ಕೂ ಜಾಗದ ಟ್ರೇಸ್ ಒಂದೇ ಸಾಲನ್ನು ತೋರಿಸುತ್ತಿತ್ತು. ಎಸೆಯುವ ಜಾಗದಲ್ಲೇ ಹೊಸದಾಗಿ ಹುಟ್ಟಿಸುವ ಹಾಗೆ ಬದಲಿಸಿದೆ.

ಕ್ಯಾಚ್ ಮಾಡಿ 'ಸೇವ್ ಆಗಲಿಲ್ಲ' ಅಂತ ಬೇರೆ ಎರರ್ ಎಸೆಯುವ ಕಡೆ ಮೂಲ ಎರರ್ ಕಳೆದುಹೋಗುತ್ತಿತ್ತು. 2022ರ ಎಕ್ಮಾಸ್ಕ್ರಿಪ್ಟ್‌ನಲ್ಲಿ (ಜಾವಾಸ್ಕ್ರಿಪ್ಟ್‌ನ ಸ್ಟ್ಯಾಂಡರ್ಡ್‌ನಲ್ಲಿ) ಬಂದ ಕಾಸ್, ಅಂದರೆ 'ಕಾರಣ', ಬಳಸಿ ಹಳೆಯದನ್ನು ಹೊಸದರ ಜೊತೆ ಕಟ್ಟಿದೆ. ಕಾಸ್‌ನ ಸ್ಟ್ಯಾಕನ್ನು ನನ್ನ ಲಿಸನರ್ ಬೇರೆಯಾಗಿ ತೆಗೆದು ಕಳಿಸಬೇಕಾಯಿತು. ಕ್ರೋಮ್ ಸಾಮಾನ್ಯವಾಗಿ ಮೇಲಿನ 10 ಫ್ರೇಮ್ ಮಾತ್ರ ಇಡುತ್ತದೆ, ಸ್ಟ್ಯಾಕ್‌ಟ್ರೇಸ್‌ಲಿಮಿಟ್ ಅನ್ನು 30 ಮಾಡಿದೆ. ಹೆಸರಿಲ್ಲದ ಕಾಲ್‌ಬ್ಯಾಕ್‌ಗಳಿಗೆಲ್ಲ ಹೆಸರು ಕೊಟ್ಟೆ.

ಸಫಾರಿ ಬೇರೆಯೇ ಪ್ರಪಂಚ. ಸ್ಟ್ಯಾಕ್ ಪಠ್ಯಕ್ಕೆ ಎಲ್ಲ ಬ್ರೌಸರ್‌ಗಳೂ ಒಪ್ಪಿದ ಒಂದೇ ರೂಪ ಇಲ್ಲ. ಕ್ರೋಮ್ ಪ್ರತಿ ಸಾಲನ್ನು 'ಆ್ಯಟ್' ಪದದಿಂದ ಶುರು ಮಾಡುತ್ತದೆ, ಫೈರ್‌ಫಾಕ್ಸ್ ಮತ್ತು ಸಫಾರಿ ಫಂಕ್ಷನ್ ಹೆಸರು ಮತ್ತು ಫೈಲ್ ನಡುವೆ ಆ್ಯಟ್ ಚಿಹ್ನೆ ಇಡುತ್ತವೆ. ಅದಕ್ಕೆ ತಕ್ಕ ಹಾಗೆ ಓದುವ ಕೋಡ್ ಬರೆದರೂ ಸಫಾರಿಯಲ್ಲಿ ಒಂದು ಫ್ರೇಮ್ ಕಾಣೆ. ಆ ಫಂಕ್ಷನ್‌ನ ಕೊನೆಯ ಕೆಲಸ ಇನ್ನೊಂದು ಫಂಕ್ಷನ್ ಕರೆದು ಅದರ ಉತ್ತರವನ್ನೇ ಹಿಂತಿರುಗಿಸುವುದು. ಸ್ಟ್ರಿಕ್ಟ್ ಮೋಡ್‌ನಲ್ಲಿ (ಜಾವಾಸ್ಕ್ರಿಪ್ಟ್‌ನ ಬಿಗಿ ನಿಯಮಗಳ ವಿಧಾನದಲ್ಲಿ) ಸಫಾರಿ ಇಂಥ ಕಡೆ ಹಳೆಯ ಫ್ರೇಮ್ ತೆಗೆದು ಅದೇ ಜಾಗದಲ್ಲಿ ಹೊಸದನ್ನು ಇಡುತ್ತದೆ. ಇಂಥ ಕೊನೆಯ ಕರೆಗೆ ಟೇಲ್ ಕಾಲ್ ಅನ್ನುತ್ತಾರೆ. ಎರಡು ಫ್ರೇಮ್ ನಡುವೆ ಕೋಡ್‌ನಲ್ಲಿ ನೇರ ಸಂಬಂಧ ಕಾಣದಿದ್ದರೆ ಈಗ ಮೊದಲು ನೋಡುವುದು ಅದನ್ನೇ.

ದಿನ 13

ಪ್ರಾಮಿಸ್ (ಆಮೇಲೆ ಬರುವ ಉತ್ತರದ ಜಾಗದಲ್ಲಿ ನಿಲ್ಲುವ ಆಬ್ಜೆಕ್ಟ್) ರಿಜೆಕ್ಟ್ ಆಗಿ, ಅಂದರೆ ವಿಫಲವಾಗಿ, ಯಾರೂ ಹಿಡಿಯದಿದ್ದರೆ ಅದು ಎರರ್ ಲಿಸನರ್‌ಗೆ ಬರುವುದಿಲ್ಲ, ಅನ್‌ಹ್ಯಾಂಡಲ್ಡ್‌ರಿಜೆಕ್ಷನ್ ಅನ್ನುವ ಬೇರೆ ಇವೆಂಟ್‌ಗೆ ಹೋಗುತ್ತದೆ. ಅದಕ್ಕೂ ಲಿಸನರ್ ಹಾಕಿದೆ. ಬಂದ ಮೊದಲ ವರದಿಯಲ್ಲೇ ಸ್ಟ್ಯಾಕ್ ಇಲ್ಲ! ನಾನು ಎರರ್ ಆಬ್ಜೆಕ್ಟ್ ಬದಲು ಬರೀ ಸ್ಟ್ರಿಂಗ್ (ಪಠ್ಯ) ಕೊಟ್ಟು ರಿಜೆಕ್ಟ್ ಮಾಡಿದ್ದೆ, ಸ್ಟ್ರಿಂಗ್‌ಗೆ ಸ್ಟ್ಯಾಕ್ ಇರುವುದಿಲ್ಲ. ಹುಡುಕಿದರೆ ಅಂಥ ಏಳು ಜಾಗ ಸಿಕ್ಕವು. ಮೂರನ್ನು ಸರಿ ಮಾಡಿದ್ದೇನೆ. ಉಳಿದ ನಾಲ್ಕೂ ಸಿಂಕ್ ಮಾಡುವ ಫೈಲ್‌ನಲ್ಲಿವೆ, ನಾಳೆ ಅಲ್ಲಿಂದ ಶುರು.