ಅಡಿಕೆ ಕಣದಲ್ಲಿ ಬೆಟ್ಟದ ಕಾಫಿ ಒಣಗಿಸುವುದಾದರೆ

ಚನ್ನಗಿರಿ, ಹೊಳಲ್ಕೆರೆ ಕಡೆ ಅಡಿಕೆ ತೋಟದ ನಡುವೆ ಕಾಫಿ ಹಾಕಬಹುದಾ ಅಂತ ಕೇಳುವವರಿದ್ದಾರೆ. ನೀರು, ನೆರಳು ಎರಡೂ ಇದ್ದರೆ ರೊಬಸ್ಟಾ ಜಾತಿಯ ಕಾಫಿ ಬಂದೀತು. ಅರೇಬಿಕಾ ಮಾತ್ರ ಬೇಡ. ಅದಕ್ಕೆ 1,000 ಮೀಟರ್ ಮೇಲಿನ ತಂಪು ಬೇಕು. ನಮ್ಮ ಸೆಕೆಗೆ ಹಣ್ಣು ಬೇಗ ಮಾಗುತ್ತೆ, ಬೀಜ ಗಟ್ಟಿಯಾಗಲ್ಲ, ಜೊತೆಗೆ ಬಿಳಿ ಕಾಂಡಕೊರಕ ಹುಳದ ಕಾಟ.

ಆದರೆ ಇನ್ನೊಂದು ದಾರಿಯಿದೆ. ಬಾಬಾಬುಡನ್‌ಗಿರಿ ಸುತ್ತಿನ ಎರಡು-ಮೂರು ಎಕರೆ ಅರೇಬಿಕಾ ಬೆಳೆಗಾರರಿಗೆ ಕುಯ್ಲಿನ ಹೊತ್ತಿಗೆ ಮೋಡ, ಇಬ್ಬನಿ, ಒಮ್ಮೊಮ್ಮೆ ಮಳೆ. ಕಣದ ಜಾಗವೂ ಕಮ್ಮಿ. ನಮ್ಮಲ್ಲಿ ಕಣ, ಬಿಸಿಲು ಧಾರಾಳ. ಅಲ್ಲಿ ತೊಳೆದು ಇಲ್ಲಿ ಒಣಗಿಸಬಹುದು. ಅಡಿಕೆ ಒಣಗಿಸುವ ರೂಢಿಯನ್ನು ಮಾತ್ರ ಬದಿಗಿಡಬೇಕು.

ಕೆಂಪು ಹಣ್ಣಷ್ಟೇ ಕುಯ್ದು, ನೀರಲ್ಲಿ ತೇಲಿದ ಜೊಳ್ಳು ತೆಗೆದು, ಅವತ್ತೇ ಸಂಜೆ ಪಲ್ಪರ್‌ಗೆ (ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಹಾಕಬೇಕು. ಪಲ್ಪರ್ ಸಂದು ಬಿಗಿಯಾದರೆ ಬೀಜಕ್ಕೆ ಗಾಯ. ಸಡಿಲವಾದರೆ ಹಣ್ಣು ಇಡಿಯಾಗೇ ಹೊರಬೀಳುತ್ತೆ. ಬೀಜಕ್ಕೆ ಅಂಟಿದ ಲೋಳೆ ಬಿಡಲು ತೊಟ್ಟಿಯಲ್ಲಿ 24–36 ಗಂಟೆ, ಚಳಿಯಿದ್ದರೆ ಇನ್ನೂ ಸ್ವಲ್ಪ. ಇಲ್ಲಿ ಗಡಿಯಾರಕ್ಕಿಂತ ಕೈಯನ್ನು ನಂಬಿ: ಒಂದು ಹಿಡಿ ತೊಳೆದು ಉಜ್ಜಿದಾಗ ಜಾರದೆ ಮರಳಿನ ಹಾಗೆ ಗರಗರ ಅಂದರೆ ತೊಳೆಯಬಹುದು. ತೊಟ್ಟಿಯ ಮೂಲೆಯಲ್ಲಿ ಹಳೇ ಬೀಜ ನಾಲ್ಕು ಉಳಿದರೂ ಸಾಕು, ಕೊಳೆತು ಮುಂದಿನ ಲಾಟ್‌ಗೆಲ್ಲ ನಾತ ಹತ್ತಿಸುತ್ತೆ.

ಹಣ್ಣನ್ನೇ ಕೆಳಗೆ ತರುವ ಯೋಚನೆ ಬೇಡ. 100 ಕೆಜಿ ಹಣ್ಣಿಗೆ ಒಣಗಿದ ಪಾರ್ಚ್‌ಮೆಂಟ್ (ತೆಳು ಸಿಪ್ಪೆ ಸಮೇತದ ಬೀಜ; ಆ ಸಿಪ್ಪೆಗೂ ಇದೇ ಹೆಸರು) ಸಿಗುವುದೇ ಸುಮಾರು 20 ಕೆಜಿ. ಮಿಕ್ಕಿದ್ದಕ್ಕೆ ಬಾಡಿಗೆ ದಂಡ. ಹಾಗಂತ ತೊಳೆದ ಕೂಡಲೇ ಗೋಣಿಗೆ ತುಂಬಿ ತರೀಕೆರೆ ದಾಟಿಸಿದರೂ ಕಷ್ಟ. ಆಗ ಅದರಲ್ಲಿ ಅರ್ಧದಷ್ಟು ನೀರೇ ಇರುತ್ತೆ, ಚೀಲದ ನಡುವೆ ಕಾವು ಏರಿ ಮತ್ತೆ ಹುಳಿಯುತ್ತೆ. ಅಲ್ಲೇ ಒಂದೆರಡು ದಿನ ಹರಡಿ ಮೇಲಿನ ಪಸೆ ಆರಿಸಿ, ಗಾಳಿಯಾಡುವ ಕ್ರೇಟ್‌ನಲ್ಲಿ ರಾತ್ರಿ ಹೊತ್ತು ಸಾಗಿಸುವುದು ವಾಸಿ.

ಎಡವಟ್ಟಾಗುವುದು ಹೆಚ್ಚಾಗಿ ಕಣದಲ್ಲೇ. ಬೇಯಿಸಿದ ಅಡಿಕೆಗೆ ಬಿಸಿಲು ಚುರುಕಾದಷ್ಟೂ ಖುಷಿ, ಕಾಫಿಗೆ ಅದೇ ಶತ್ರು. ಬಿರುಬಿಸಿಲಿಗೆ ಪಾರ್ಚ್‌ಮೆಂಟ್ ಬಿರಿಯುತ್ತೆ, ಬೀಜದ ಹೊರಮೈ ಒಣಗಿ ಒಳಗೆ ಪಸೆ ಉಳಿಯುತ್ತೆ. ಮುಟ್ಟಿದರೆ ಒಣಗಿದಂತಿರುವ ಬೀಜ ಚೀಲ ಸೇರಿದ ಮೇಲೆ ಬಣ್ಣಗೆಟ್ಟು ಬಿಳಿಚಿಕೊಳ್ಳುವುದು ಇದರಿಂದಲೇ. ಸೊಂಟದೆತ್ತರಕ್ಕೆ ಬಲೆಯ ಮಂಚ ಕಟ್ಟಿ, ಮೇಲೆ ಶೇಡ್ ನೆಟ್ ಎಳೆದು, 3–4 ಸೆಂ.ಮೀ. ದಪ್ಪ ಹರಡಿ. ಗಂಟೆಗೊಮ್ಮೆ ಕೈಯಾಡಿಸಿ. ಮಧ್ಯಾಹ್ನ 12ರಿಂದ 3ರವರೆಗೆ ಪೂರ್ತಿ ಮುಚ್ಚಿದರೂ ನಷ್ಟವಿಲ್ಲ; ರಾತ್ರಿ ಇಬ್ಬನಿಗೆ ಮುಚ್ಚಲೇಬೇಕು. ನಾಲ್ಕೇ ದಿನಕ್ಕೆ ಒಣಗಿತು ಅಂತ ಬೀಗಬೇಡಿ, ಹತ್ತು ದಿನ ಎಳೆದರೆ ಒಳ್ಳೆಯದು.

ತೇವಾಂಶ ಶೇ. 10–11ಕ್ಕೆ ಬಂದಾಗ ನಿಲ್ಲಿಸಿ. ಪಾರ್ಚ್‌ಮೆಂಟ್ ಸುಲಿದು ಬೀಜವನ್ನು ಮೀಟರಿಗೆ ಹಾಕಿ. ಸಿಪ್ಪೆ ಸಮೇತ ಅಳೆದರೆ ಲೆಕ್ಕ ತಪ್ಪುತ್ತೆ. ಹಲ್ಲಲ್ಲಿ ಕಚ್ಚಿ ನೋಡುವುದು ಅಂದಾಜಿಗೆ ಸರಿ, ವ್ಯಾಪಾರಕ್ಕಲ್ಲ.

ಅಡಿಕೆ ಬೇಯಿಸಿದ ಚೊಗರು ಹತ್ತಿದ ತಾಡಪಾಲು, ಅಡಿಕೆ ತುಂಬಿದ್ದ ಚೀಲ ಯಾವುದನ್ನೂ ಕಾಫಿಗೆ ಬಳಸಬೇಡಿ. ಕಾಫಿ ಪಕ್ಕದ ವಾಸನೆಯನ್ನೆಲ್ಲ ಎಳೆದುಕೊಳ್ಳುತ್ತೆ. ಹೊಸ ಚೀಲ ತುಂಬಿ, ಹಲಗೆ ಮೇಲೆ, ಗೋಡೆಯಿಂದ ಒಂದಡಿ ಬಿಟ್ಟು ಜೋಡಿಸಿ. ಶಿವರಾತ್ರಿ ಕಳೆದ ಮೇಲೆ ನಮ್ಮ ಶೀಟಿನ ಗೋದಾಮು ಕಾಯತೊಡಗುತ್ತೆ, ಅಷ್ಟರೊಳಗೆ ಸರಕು ಚಿಕ್ಕಮಗಳೂರಿನ ಕ್ಯೂರಿಂಗ್ ಕಾರ್ಖಾನೆಗೆ (ಸಿಪ್ಪೆ ಸುಲಿದು ಬೀಜ ವಿಂಗಡಿಸುವಲ್ಲಿಗೆ) ಹೋಗಿರಬೇಕು.