ವಿಯೆಟ್ನಾಂಗೆ ಹೊರಟಿದ್ದೀರಾ? ನೀಲಿ ನೋಟಿನ ಮೇಲೆ ಕಣ್ಣಿರಲಿ

ವಿಯೆಟ್ನಾಂನಲ್ಲಿ 20,000 ಡಾಂಗ್ ನೋಟೂ ನೀಲಿ, 5 ಲಕ್ಷದ ನೋಟೂ ನೀಲಿ. ಎರಡರಲ್ಲೂ ಹೋ ಚಿ ಮಿನ್ ಮುಖ, ಎರಡೂ ಪ್ಲಾಸ್ಟಿಕ್. ನಾವು ಹೋದಾಗ ಒಂದು ರೂಪಾಯಿಗೆ ಸುಮಾರು 300 ಡಾಂಗ್ ಇತ್ತು. ಅಂದ್ರೆ ಮೊದಲನೆಯದು ಎಪ್ಪತ್ತು ರೂಪಾಯಿ ಆಸುಪಾಸು, ಎರಡನೆಯದು ಸಾವಿರದ ಆರುನೂರಕ್ಕೂ ಜಾಸ್ತಿ!

ಹನೋಯಿಯ ಟ್ಯಾಕ್ಸಿ ಡ್ರೈವರ್ ಒಬ್ಬ ಇದನ್ನೇ ಬಂಡವಾಳ ಮಾಡಿಕೊಂಡಿದ್ದ. 5 ಲಕ್ಷದ ನೋಟು ಕೊಟ್ಟೆ. ಚಿಲ್ಲರೆ ಹುಡುಕುವ ನೆಪದಲ್ಲಿ ಕೈ ಸೀಟಿನ ಪಕ್ಕಕ್ಕೆ ಇಳಿಸಿದ. ಮೇಲೆ ಬಂದಾಗ ಕೈಯಲ್ಲಿ 20,000. ಇದು ಸಾಕಾಗಲ್ಲ ಅಂತ ಸನ್ನೆ ಬೇರೆ. ಹೆಂಡತಿ ಎಲ್ಲ ನೋಡುತ್ತಿದ್ದಳು, ಸೀಟಿನ ಸಂದಿಗೇ ಬೆರಳು ತೋರಿಸಿದಳು. ನೋಟು ವಾಪಸ್ ಬಂತು, ಕ್ಷಮೆ ಬರಲಿಲ್ಲ.

ಆಮೇಲೆ ನೋಟಿನ ಹಿಂಬದಿ ನೋಡುವುದು ರೂಢಿ ಮಾಡಿಕೊಂಡೆವು. ಹೊಯ್ ಆನ್ ಪಟ್ಟಣದ ಹಳೇ ಜಪಾನಿ ಸೇತುವೆ ಇದ್ದರೆ 20,000. ಹೋ ಚಿ ಮಿನ್ ಹುಟ್ಟೂರಿನ ಮನೆ ಇದ್ದರೆ 5 ಲಕ್ಷ. ಕಂದು ಛಾಯೆಯ ನೋಟುಗಳಲ್ಲೂ ಇದೇ ಕಾಟ: 10,000ದ ಹಿಂದೆ ಸಮುದ್ರದ ತೈಲಬಾವಿ, 2 ಲಕ್ಷದ ಹಿಂದೆ ಹಾ ಲಾಂಗ್ ಕೊಲ್ಲಿಯ ಬಂಡೆ. ದೊಡ್ಡ ನೋಟು ಬೇರೆ ಜೇಬಲ್ಲಿಡಿ. ಕೊಡುವಾಗ ಮೊತ್ತ ಜೋರಾಗಿ ಹೇಳಿ.

ರೂಪಾಯಿ ಲೆಕ್ಕಕ್ಕೆ ಹೆದರಬೇಡಿ. ಮೂರು ಸೊನ್ನೆ ಬಿಟ್ಟು, ಮೂರರಿಂದ ಗುಣಿಸಿ, ಸ್ವಲ್ಪ ಸೇರಿಸಿ. ಮೆನುಗಳಲ್ಲಿ ಆ ಸೊನ್ನೆಗಳನ್ನು ಅವರೇ ಬಿಟ್ಟಿರುತ್ತಾರೆ, 35ಕೆ ಅಂದ್ರೆ 35,000. ನಮ್ಮ 33 ಸಾವಿರ ಚಿಲ್ಲರೆ ರೂಪಾಯಿ ಬದಲಾಯಿಸಿದರೆ ಕೋಟ್ಯಧಿಪತಿ, ಆ ಖುಷಿ ಮೊದಲ ಹೋಟೆಲ್ ಬಿಲ್‌ವರೆಗೆ.

ಮಧ್ಯ ವಿಯೆಟ್ನಾಂನ ಹುಯೆ ನಗರಕ್ಕೆ ಹೋದ ಸ್ಲೀಪರ್ ಬಸ್ ಬಗ್ಗೆ ಹೇಳದಿರುವುದೇ ವಾಸಿ. ಕಾಲು ಚಾಚಲು ಜಾಗವಿಲ್ಲ, ರಾತ್ರಿಯಿಡೀ ಹಾರ್ನು. ಆರಡಿ ಇದ್ದವರು ರೈಲು ಹಿಡಿಯಿರಿ.

ಆದರೆ ಅದೇ ಹುಯೆಯ ಡಾಂಗ್ ಬಾ ಮಾರ್ಕೆಟ್ ಹತ್ತಿರದ ಗಲ್ಲಿಯಲ್ಲಿ ಒಂದು ಪುಟ್ಟ ಸಸ್ಯಾಹಾರಿ ಅಂಗಡಿ ಸಿಕ್ಕಿತು. ಬೋರ್ಡಿನಲ್ಲಿ 'ಕಾಮ್ ಚಾಯ್' ಅಂತಿತ್ತು, ಅಂದ್ರೆ ಸಸ್ಯಾಹಾರಿ ಊಟ. ಬಿಸಿ ಅನ್ನ, ಶುಂಠಿ ಹಾಕಿದ ತೋಫು, ಬಾಳೆಹೂವಿನ ಸಲಾಡ್, ಒಂದು ಬಟ್ಟಲು ಸೊಪ್ಪಿನ ಸಾರು. ಬಾಳೆಹೂ ತೆಳ್ಳಗೆ ಹೆಚ್ಚಿ, ನಿಂಬೆ ಹಿಂಡಿ, ಹುರಿದ ಶೇಂಗಾ ಉದುರಿಸಿದ್ದರು. ಇಷ್ಟಕ್ಕೂ 30,000, ನೂರೇ ರೂಪಾಯಿ. ಅಜ್ಜಿ ಕೇಳದೇ ಇನ್ನೊಂದು ಸಲ ಅನ್ನ ಬಡಿಸಿದರು. ಚಾಂದ್ರಮಾನದ ಒಂದನೇ, ಹದಿನೈದನೇ ದಿನ ಅಲ್ಲಿ ಬಹಳ ಜನ ಮಾಂಸ ಬಿಡುತ್ತಾರೆ. ಅವತ್ತು ಬೇಗ ಹೋಗಿ.

ರೂಪಾಯಿ ಒಯ್ದರೆ ದರ ಸಿಗಲ್ಲ. ಮಡಿಕೆಯಿಲ್ಲದ ಡಾಲರ್ ಒಯ್ಯಿರಿ, ಹರಿದಿದ್ದು ತಗೊಳ್ಳಲ್ಲ. ಉಳಿದ ಡಾಂಗ್ ಅಲ್ಲೇ ಖರ್ಚು ಮಾಡಿ, ಊರಿಗೆ ತಂದರೆ ಬದಲಾಯಿಸುವವರು ಸಿಗೋದು ಕಷ್ಟ.